ಗ್ರೈಂಡರಿಗೆ ಮುನ್ನ ಗೋಡೆಗೊಂದು ಬಡಿತ

ಕರೆಂಟು ಇದ್ದರೆ ಎಲ್ಲಿ ಹೊಡೆಯುತ್ತದೋ ಎಂದು ಹೆದರುವವರಿದ್ದಾರೆ, ಹೋದರೆ ಕತ್ತಲಲ್ಲಿ ಏನು ಕೂತಿದೆಯೋ ಎಂದು ಹೆದರುವವರಿದ್ದಾರೆ. ನಾನು ಎರಡೂ ಪಂಗಡಕ್ಕೆ ಸೇರಿದವಳು. ಕಾರ್ಕಳದ ಹತ್ತಿರದ ನಮ್ಮ ಊರಿನಲ್ಲಿ ಕರೆಂಟು ದಿನವೂ ಹೋಗುತ್ತಿತ್ತು. ಅಮ್ಮ ಚಿಮಣಿ ದೀಪ ಹಚ್ಚಿಟ್ಟು ತನ್ನ ಪಾಡಿಗೆ ಬಂಗುಡೆ ಹುರಿಯುತ್ತಿದ್ದಳು, ನಾನು ಅವಳ ಸೆರಗು ಹಿಡಿದುಕೊಂಡು ಒಲೆಯ ಸುತ್ತ ತಿರುಗುತ್ತಿದ್ದೆ. ಮದುವೆಯಾಗಿ ಕತಾರಿಗೆ ಹೊರಟಾಗ ಎಲ್ಲರೂ ಹೇಳಿದ್ದು ಒಂದೇ ಮಾತು, ಅಲ್ಲಿ ಕರೆಂಟು ಹೋಗುವುದೇ ಇಲ್ಲವಂತೆ. ನಾನು ನಂಬಲಿಲ್ಲ. ಪೆಟ್ಟಿಗೆಯಲ್ಲಿ ಉಪ್ಪಿನಕಾಯಿಗಿಂತ ಹೆಚ್ಚು ಮೇಣದಬತ್ತಿ ತುಂಬಿಕೊಂಡು ಬಂದೆ. ಹಾಡುಹಗಲಲ್ಲೂ ರಸ್ತೆಯಲ್ಲಿ ದೀಪ ಉರಿಸುವ ಊರಿಗೆ ಮೇಣದಬತ್ತಿ ತಂದವಳು ಎಂದು ನಮ್ಮವರು ಆಫೀಸಿನಲ್ಲೆಲ್ಲ ಹೇಳಿಕೊಂಡು ನಕ್ಕರು.

ನಕ್ಕರೆ ನಗಲಿ. ನಮ್ಮ ದೇಶದವರು ಅಕ್ಕಿ ಹೊರಗೆ ಕಳಿಸುವುದನ್ನು ನಿಲ್ಲಿಸಿದ ವರ್ಷ ನಜ್ಮಾ ಪೇಟೆಯ ಅಂಗಡಿಗಳಲ್ಲಿ ಕುಚ್ಚಲಕ್ಕಿ ಕಾಣೆಯಾದಾಗ, ಮನೆಯಲ್ಲಿ ಗಂಜಿ ಬೆಂದದ್ದು ನನ್ನ ಹೆದರಿಕೆಯ ದೆಸೆಯಿಂದಲೇ. ಮಂಚದಡಿಯಲ್ಲಿ ಒಂದು ಮೂಟೆ ಇಟ್ಟಿದ್ದೆ. ಅದೂ ಮುಗಿದ ಮೇಲೆ ಬಾಸ್ಮತಿಯ ಗಂಜಿ ಉಣ್ಣಬೇಕಾಯಿತು. ಸೆಂಟು ಕುಡಿದ ಹಾಗಿತ್ತು.

ಆಗ ನಾವಿದ್ದದ್ದು ಮದೀನತ್ ಖಲೀಫಾ ಬಡಾವಣೆಯ ಒಂದು ವಿಲ್ಲಾದಲ್ಲಿ. ವಿಲ್ಲಾ ಎಂದರೆ ಊರಿನವರು ಬಂಗಲೆ ಎಂದುಕೊಳ್ಳುತ್ತಿದ್ದರು, ನಾನೂ ತಿದ್ದಲು ಹೋಗಲಿಲ್ಲ. ಒಂದು ಮನೆಗೆ ಹಲಗೆಯಂಥ ತೆಳು ಗೋಡೆ ಕೊಟ್ಟು ಮೂರು ಸಂಸಾರ ಮಾಡಿದ್ದರು. ಒಂದು ಪಾಲಿನಲ್ಲಿ ನಾವು. ಗೋಡೆಯಾಚೆ ಪುತ್ತೂರಿನ ಜುಲೇಖಾ, ಅವಳ ಗಂಡನಿಗೆ ನಜ್ಮಾದಲ್ಲಿ ಬಟ್ಟೆಯಂಗಡಿ. ಹಿಂದಿನ ಪಾಲಿನಲ್ಲಿ ಇಬ್ಬರು ಮಲಯಾಳಿ ಹುಡುಗರು. ಬಾಡಿಗೆಯಲ್ಲೇ ಕರೆಂಟು ಬಿಲ್ಲೂ ಸೇರಿದ್ದರಿಂದ ಅವರು ಎಸಿ ಹಾಕಿಟ್ಟೇ ಬೀಗ ಜಡಿದು ಕೆಲಸಕ್ಕೆ ಹೋಗುತ್ತಿದ್ದರು. ಸಂಜೆ ಬಂದಾಗ ರೂಮು ತಣ್ಣಗಿರಬೇಕಲ್ಲ.

ಮೂರು ಸಂಸಾರಕ್ಕೂ ಸೇರಿ ಒಂದೇ ಮೈನ್ ಸ್ವಿಚ್ಚು. ಭಾರ ಹೆಚ್ಚಾದರೆ ಟಪ್ಪೆಂದು ಬೀಳುತ್ತಿತ್ತು. ಅದಕ್ಕೆ ನಾನೂ ಜುಲೇಖಾಳೂ ಒಂದು ಪದ್ಧತಿ ಮಾಡಿಕೊಂಡಿದ್ದೆವು. ಗ್ರೈಂಡರೋ ಇಸ್ತ್ರಿಪೆಟ್ಟಿಗೆಯೋ ಹಾಕುವ ಮೊದಲು ಗೋಡೆಗೆ ಒಂದು ಸಲ ಬಡಿಯುವುದು. ಆಚೆಯಿಂದ ಒಂದು ಬಡಿತ ಬಂದರೆ ಆಗಬಹುದು ಎಂದರ್ಥ, ಎರಡು ಬಂದರೆ ಸ್ವಲ್ಪ ತಡಿ ಎಂದು. ನಾನಂತೂ ಮಿಕ್ಸಿಗೂ ಬಡಿಯುತ್ತಿದ್ದೆ, ಮೊಬೈಲು ಚಾರ್ಜಿಗೆ ಇಡುವಾಗಲೂ ಬಡಿದದ್ದುಂಟು. "ವಿಮಲಕ್ಕ, ಇನ್ನು ಸೀನು ಬಂದ್ರೂ ಬಡಿತೀರಾ ಎಂತ?" ಎಂದು ಅವಳು ಆಚೆಯಿಂದ ನಗುತ್ತಿದ್ದಳು.

ಕರೆಂಟಿನ ಇಲಾಖೆಗೆ ಫೋನು ಮಾಡುವ ಮಾತನ್ನು ಮಾತ್ರ ಯಾರೂ ಎತ್ತುತ್ತಿರಲಿಲ್ಲ. ಅವರು ಬಂದು ಒಂದು ಮನೆ ಮೂರಾದದ್ದನ್ನು ಕಂಡರೆ ಖಲಾಸ್, ನಮ್ಮ ಸಾಮಾನೆಲ್ಲ ಬೀದಿಗೆ. ಮೈನ್ ಸ್ವಿಚ್ಚನ್ನು ಎತ್ತುವುದು ಗಂಡಸರ ಕೆಲಸವಾಗಿತ್ತು. ಅದು ಅಂಗಳದ ಮೂಲೆಯಲ್ಲಿ ನೀರಿನ ಟ್ಯಾಂಕಿನ ಪಕ್ಕ ಒಂದು ತಗಡಿನ ಪೆಟ್ಟಿಗೆಯಲ್ಲಿತ್ತು. ಒಮ್ಮೆ ಅದರೊಳಗಿಂದ ಕಿಡಿ ಹಾರಿದ್ದನ್ನು ಕಂಡ ಮೇಲೆ ಬಟ್ಟೆ ಒಣಗಿಸಲು ಹೋಗುವಾಗಲೂ ನಾನು ಸುತ್ತು ಹಾಕಿಯೇ ಹೋಗುತ್ತಿದ್ದೆ.

ಆಗಸ್ಟ್ ತಿಂಗಳ ಒಂದು ಮಧ್ಯಾಹ್ನ, ಮೀನು ತೊಳೆಯುತ್ತಿದ್ದಾಗ ಎಸಿಯ ಸದ್ದು ನಿಂತಿತು. ಬಿದ್ದ ಸ್ವಿಚ್ಚನ್ನು ಗಂಡಸರು ಕೂಡಲೇ ಎತ್ತುತ್ತಿದ್ದುದರಿಂದ ಆ ಮನೆಯಲ್ಲಿ ಅಷ್ಟು ನಿಶ್ಶಬ್ದವನ್ನು ನಾನು ಕೇಳಿಯೇ ಇರಲಿಲ್ಲ. ಇಷ್ಟು ವರ್ಷ ಮೇಣದಬತ್ತಿ ಕಾಪಾಡಿಕೊಂಡು ಬಂದರೆ ಎತ್ತುವವರಿಲ್ಲದೆ ಕರೆಂಟು ಹೋದದ್ದು ನಡುಹಗಲಿನಲ್ಲಿ. ಸಾಲದ್ದಕ್ಕೆ, ಎಸಿಯಿಲ್ಲದ ಅಡುಗೆಮನೆಯಲ್ಲಿಟ್ಟಿದ್ದ ಆ ಬತ್ತಿಗಳೆಲ್ಲ ಸೆಕೆಗೆ ಮೆತ್ತಗಾಗಿ ಸೊಂಟ ಬಗ್ಗಿಸಿಕೊಂಡಿದ್ದವು. ಕಿಟಕಿ ತೆರೆಯೋಣವೆಂದರೆ ದೂಳಿಗೆ ಹೆದರಿ ನಾನೇ ಟೇಪು ಅಂಟಿಸಿಬಿಟ್ಟಿದ್ದೆ. ತೆರೆದರೂ ಒಳಗೆ ಬರುವುದು ಬೆಂಕಿಯಂಥ ಗಾಳಿಯೇ.

ಆಗ ಗೋಡೆಗೆ ಬಡಿತ ಕೇಳಿಸಿತು. ಒಂದಲ್ಲ, ಎರಡಲ್ಲ, ಬಡಬಡನೆ ಒಂದೇ ಸಮ. ಮೀನು ಬಿಟ್ಟು ಗೋಡೆಯ ಬಳಿಗೆ ಓಡಿದೆ. ಜುಲೇಖಾ ಹೆತ್ತು ಇನ್ನೂ ತಿಂಗಳು ತುಂಬಿರಲಿಲ್ಲ. ಬಾಣಂತನಕ್ಕೆ ಬರಬೇಕಾದ ತಾಯಿಗೆ ವೀಸಾ ಆಗಿರಲಿಲ್ಲ. ಗಂಡ ಅಂಗಡಿಯಲ್ಲಿ. ನಲ್ವತ್ತು ದಿನ ಕಳೆಯದೆ ಬಾಣಂತಿ ಹೊರಗೆ ಕಾಲಿಡುವ ಹಾಗಿರಲಿಲ್ಲ, ಇಟ್ಟರೂ ಅಂಗಳ ಕಾದ ಕಾವಲಿಯೇ.

"ವಿಮಲಕ್ಕ, ಮಗುವಿನ ಮೈ ಕೆಂಡದ ಹಾಗಾಗಿದೆ. ಹಾಲು ಕುಡಿತಾ ಇಲ್ಲ. ಇವರು ಫೋನ್ ತೆಗಿತಾ ಇಲ್ಲ. ನಾನು ಎಂತ ಮಾಡುದು?"

ಮಗುವಿನ ಅಳು ಗೋಡೆ ಸೀಳಿಕೊಂಡು ಬರುತ್ತಿತ್ತು. ನಾನು ನಮ್ಮವರಿಗೆ ಫೋನು ಮಾಡಿದೆ.

"ನೀನು ಅದನ್ನು ಮುಟ್ಟಬೇಡ ಮಾರಾಯ್ತಿ, ನಾನು ಹೊರಟೆ," ಎಂದರು.

"ನೀವು ಬರುವಾಗ ಸಂಜೆ ಆಗ್ತದೆ. ಮಗು ಅಷ್ಟು ಹೊತ್ತು ತಡಿಲಿಕ್ಕಿಲ್ಲ. ಹೇಗೆ ಎತ್ತುದು ಅಂತ ಹೇಳಿ."

ಮತ್ತೊಮ್ಮೆ ಬೇಡವೆಂದರು. ಆಮೇಲೆ, "ಪೂರ್ತಿ ಕೆಳಗೆ ಒತ್ತಿ ಮತ್ತೆ ಮೇಲೆ ದೂಡು. ಕೈ ಒದ್ದೆ ಇರಬಾರದು," ಎಂದರು. ನನ್ನ ಕೈ ಬೆವರಿನಿಂದ ತೊಟ್ಟಿಕ್ಕುತ್ತಿತ್ತು.

ಪಾತ್ರೆ ತೊಳೆಯುವ ರಬ್ಬರ್ ಗ್ಲೌಸು ಹಾಕಿಕೊಂಡೆ. ನಮ್ಮವರ ಹವಾಯಿ ಚಪ್ಪಲಿ ಮೆಟ್ಟಿಕೊಂಡೆ. ಕೈಯಲ್ಲಿ ಸಾರು ತಿರುಗಿಸುವ ಮರದ ಸೌಟು. ಊರಿನ ದೈವಕ್ಕೆ ಒಂದು ಹರಕೆಯನ್ನೂ ಹೇಳಿಕೊಂಡೆ, ಏನು ಹೇಳಿಕೊಂಡೆನೆಂದು ಈಗ ನೆನಪಿಲ್ಲ, ದೈವಕ್ಕೆ ನೆನಪಿಲ್ಲದಿದ್ದರೆ ಸಾಕು. ಪೆಟ್ಟಿಗೆಯ ಬಾಗಿಲನ್ನು ಸೌಟಿನಿಂದಲೇ ತೆರೆದು, ಕಣ್ಣು ಮುಚ್ಚಿ, ಒತ್ತಿ ಮೇಲೆ ದೂಡಿದೆ. ಟಪ್ಪೆಂದು ಮತ್ತೆ ಬಿತ್ತು. ನಾನು ಗೇಟಿನವರೆಗೆ ಓಡಿದೆ.

ಗೇಟು ಹಿಡಿದುಕೊಂಡು ನಿಂತಾಗ ಬುದ್ಧಿಗೆ ಹೊಳೆಯಿತು. ಮೂರು ಎಸಿಯೂ ಒಟ್ಟಿಗೆ ಎದ್ದರೆ ಆ ಸ್ವಿಚ್ಚು ಹೇಗೆ ನಿಂತೀತು? ಹುಡುಗರ ರೂಮಿಗೆ ಬೀಗ, ಅವರ ಎಸಿ ಆರಿಸುವಂತಿಲ್ಲ. ಉಳಿದದ್ದು ನಮ್ಮದು. ಒಳಗೆ ಓಡಿ ಎಸಿ, ಫ್ರಿಜ್ಜು, ಫ್ಯಾನು ಎಲ್ಲ ಆರಿಸಿದೆ. "ಜುಲೇಖಾ, ಎಸಿ ಒಂದು ಬಿಟ್ಟು ಎಲ್ಲ ಬಂದ್ ಮಾಡು," ಎಂದು ಗೋಡೆಗೆ ಬಾಯಿಟ್ಟು ಕೂಗಿ, ಮತ್ತೆ ಆ ಪೆಟ್ಟಿಗೆಯ ಮುಂದೆ ಬಂದೆ. ಎರಡನೆಯ ಸಲ ಹೆದರಿಕೆ ಕಡಿಮೆಯಾಗಿರುತ್ತದೆ ಎನ್ನುತ್ತಾರೆ, ಶುದ್ಧ ಸುಳ್ಳು. ಮೊದಲ ಸಲ ಏನಾಗುತ್ತದೆ ಎಂದು ಗೊತ್ತಿರಲಿಲ್ಲ, ಈ ಸಲ ಗೊತ್ತಿತ್ತು. ದೂಡಿದೆ. ನಿಂತಿತು. ಜುಲೇಖಾಳ ಎಸಿ ಗೊರಗೊರ ಎನ್ನತೊಡಗಿತು.

ಒಳಗೆ ಬಂದು ಗೋಡೆಗೆ ಕಿವಿಯಿಟ್ಟೆ. ಮಗು ಅಳುತ್ತಲೇ ಇತ್ತು. ಆಮೇಲೆ ಅಳು ಸಣ್ಣದಾಯಿತು. ಆಮೇಲೆ ನಿಂತೇ ಹೋಯಿತು. ಅದುವರೆಗೆ ಅಳುತ್ತಿದೆ ಎಂದು ಹೆದರಿದ್ದವಳು ಈಗ ಯಾಕೆ ಅಳುತ್ತಿಲ್ಲ ಎಂದು ಹೆದರಿದೆ. ಕೂಗಲು ಧೈರ್ಯ ಬರಲಿಲ್ಲ. ಮೆಲ್ಲಗೆ ಒಂದು ಸಲ ಬಡಿದೆ. ಉತ್ತರವಿಲ್ಲ. ಇನ್ನೊಮ್ಮೆ ಬಡಿದೆ. ಇಲ್ಲ. ಎದೆಯ ಬಡಿತವೇ ಗೋಡೆಗೆ ಕೇಳಿಸುವಂತಿತ್ತು. ದೇವರೇ, ಒಂದು ಬಡಿತ ಕೊಡು ಎಂದು ಕೇಳಿಕೊಂಡೆ.

ತುಂಬ ಹೊತ್ತಾದ ಮೇಲೆ ಬೆರಳ ಗೆಣ್ಣಿನಿಂದ ಬಡಿದಂಥ ಒಂದೇ ಒಂದು ಸದ್ದು ಕೇಳಿಸಿತು. ಆಗಬಹುದು. ಮಗು ಹಾಲು ಕುಡಿದು ನಿದ್ದೆ ಹೋಗಿತ್ತು, ಅದು ಏಳದಂತೆ ಕೈ ಬಿಡಿಸಿಕೊಳ್ಳಲು ಅವಳಿಗೆ ಅಷ್ಟು ಹೊತ್ತು ಹಿಡಿದಿತ್ತು. ನಾನು ನೆಲದ ಮೇಲೆ ಕುಸಿದು ಕೂತು ಅತ್ತೆ.

ನಮ್ಮವರು ಬಂದಾಗ ನಾನು ಹಾಗೆಯೇ ಕೂತಿದ್ದೆನಂತೆ, ಗ್ಲೌಸು ಹಾಕಿಕೊಂಡು, ಸೌಟು ಹಿಡಿದುಕೊಂಡು, ಬೆವರಿನಲ್ಲಿ ಮಿಂದು. ಎಲ್ಲ ಕೇಳಿ, "ಅಲ್ಲ ಮಾರಾಯ್ತಿ, ಅಲ್ಲಿ ಎಸಿ ಓಡ್ತಾ ಇತ್ತಲ್ಲ, ನೀನೂ ಅಲ್ಲಿಗೇ ಹೋಗಿ ಕೂತುಕೊಳ್ಳಬಾರದಿತ್ತಾ?" ಎಂದರು. ಆಗಲೇ ನನಗದು ಹೊಳೆದದ್ದು.

ಈಗ ನಾವು ಮಂಗಳೂರಿನಲ್ಲಿದ್ದೇವೆ. ಸ್ವಂತ ಮನೆ, ಸ್ವಂತ ಮೀಟರು, ಇನ್ವರ್ಟರು ಬೇರೆ. ಆ ಮಗು ಮೀಸೆ ಬಂದ ಹುಡುಗನಾಗಿದ್ದಾನೆ, ಊರಿಗೆ ಬಂದಾಗ ಬಂದು ಕಂಡು ಹೋಗುತ್ತಾನೆ. ಆದರೂ ಗ್ರೈಂಡರು ಹಾಕುವ ಮೊದಲು ನನ್ನ ಕೈ ತಾನಾಗಿ ಹೋಗಿ ಅಡುಗೆಮನೆಯ ಗೋಡೆಗೆ ಒಂದು ಸಲ ಬಡಿಯುತ್ತದೆ. ಆಚೆ ಇರುವುದು ಬರೀ ತೆಂಗಿನಕಟ್ಟೆ. ಉತ್ತರ ಬಾರದೆ ಸ್ವಿಚ್ಚು ಒತ್ತಲು ಹೆದರಿಕೆ, ಎಂದಾದರೂ ಉತ್ತರ ಬಂದುಬಿಟ್ಟರೆ ಎಂದು ಇನ್ನೂ ಹೆದರಿಕೆ. ಹಾಗಾಗಿ ನಮ್ಮ ಮನೆಯಲ್ಲಿ ದೋಸೆ ಯಾವಾಗಲೂ ಸ್ವಲ್ಪ ತಡ.