ಕಬ್ಬಿಣ ತೊಳೆಯದ ಸುಂಕಣ್ಣ

ಸುಂಕಣ್ಣ ಕಬ್ಬಿಣ ತೊಳೆಯಲಿಲ್ಲ. ಅವನು ಮಾಡಿದ ತಪ್ಪು ಇಷ್ಟೇ.

ಅದಿರಿನ ಲಾರಿಗಳು ಬೆಟ್ಟಗಳನ್ನೇ ಹೊತ್ತು ಬಂದರಿನತ್ತ ಓಡುತ್ತಿದ್ದ ಕಾಲ ಅದು. ಬಳ್ಳಾರಿಯ ಹೊರಗೆ, ಸಿರುಗುಪ್ಪ ರಸ್ತೆಯ ಮಗ್ಗುಲಿನ ಕಸದ ಗುಡ್ಡೆಗೆ ಹೊಸ ಯಂತ್ರವೊಂದು ಬಂದಿತ್ತು. ಕಲಸಿಹೋದ ಊರ ಕಸ ಅದರ ಬೆಲ್ಟಿನ ಮೇಲೆ ಹರಿದು ಬರಬೇಕು, ಕ್ಯಾಮೆರಾದ ಕಣ್ಣು ನೋಡಬೇಕು, ಕಂಪ್ಯೂಟರಿನೊಳಗಿನ ಹೆಂಗಸಿನ ದನಿ ‘ಹಸಿ’, ‘ಪ್ಲಾಸ್ಟಿಕ್’, ‘ಲೋಹ’ ಎಂದು ಹೇಳಬೇಕು. ಆಮೇಲೆ ಉದ್ದನೆಯ ತೋಳೊಂದು ಅದನ್ನು ಅದರದರ ಗುಂಡಿಗೆ ತಳ್ಳಬೇಕು.

“ಇದು ಕೂಸಿದ್ದಂಗ,” ಅಂದಿದ್ದ ಇಂಜಿನಿಯರ್ ಭೀಮರಾಜ. “ಒಂದೊಂದ ಸಾಮಾನು ತೋರ್ಸು, ಹೆಸರಿನ ಬಟನ್ ಒತ್ತು, ಕಲೀತೈತಿ. ಸರ್ಕಾರದ ಸಾಹೇಬ್ರು ನೋಡಾಕ ಬಂದಾಗ ಸರಿಯಾಗಿ ಹೇಳಿದ್ರ ನಿನ್ನ ಕೆಲಸ ಕಾಯಂ. ಇಲ್ಲಾಂದ್ರ ನಾಳಿಂದ ಬರಬ್ಯಾಡ.”

ಹುಟ್ಟಿದಾಗಿಂದ ಕೈಯಲ್ಲೇ ಕಸ ಆಯ್ದವನು ಸುಂಕಣ್ಣ. ಹೆಂಡತಿ ಹುಲುಗಮ್ಮನಿಗೆ ಹೇಳಿ ಪ್ಲಾಸ್ಟಿಕ್ ಚೀಲ, ಬಾಳೆಸಿಪ್ಪೆ, ಮೂಲಂಗಿ ಎಲ್ಲವನ್ನೂ ಮದುವೆಗೆ ಕಳಿಸುವಂತೆ ತೊಳೆಸಿ ತಂದು ಯಂತ್ರಕ್ಕೆ ತೋರಿಸಿದ. ಕಬ್ಬಿಣವನ್ನು ಮಾತ್ರ ಮೆತ್ತಿದ ಕೆಂಧೂಳಿನ ಸಮೇತ ಇದ್ದಂತೆಯೇ ತೋರಿಸಿದ. ಕಬ್ಬಿಣ ಅಂದರೆ ಕೆಂಪಗೇ ಇರುತ್ತದಲ್ಲ, ತೊಳೆಯುವುದೇನು?

ಸಾಹೇಬರು ಬರುವ ದಿನ ಬೆಳಿಗ್ಗೆ ಬೆಲ್ಟು ಹೊರಟಿತು. ಮೊದಲು ಬಂದದ್ದು ಬಾಳೆಸಿಪ್ಪೆ, ರಸ್ತೆಯ ಕೆಂಧೂಳು ಮೆತ್ತಿದ್ದು.

“ಲೋಹ,” ಅಂದಿತು ದನಿ.

ಹರಿದ ಚಪ್ಪಲಿ. “ಲೋಹ.” ಬಾಡಿದ ಮಲ್ಲಿಗೆ ದಂಡೆ. “ಲೋಹ.”

ಗೇಟಿನ ಹೊರಗೆ ತಕ್ಕಡಿ ಹಿಡಿದು ಕೂರುವ ಗುಜರಿ ಹುಸೇನಬಾಷಾ ಒಳಗೆ ಬಂದು ನಿಂತ. “ಲೇ ಸುಂಕಣ್ಣ, ನಿನ್ನ ಕೂಸಿಗೆ ಕಣ್ಣು ಬಂದಾವೇನಲೇ? ಒರಸು.”

ಸುಂಕಣ್ಣ ಹೆಗಲ ಟವೆಲ್ಲಿನಿಂದ ಕ್ಯಾಮೆರಾ ಒರೆಸಿದ. ಟವೆಲ್ಲೂ ಕೆಂಪು. ಈಗ ಖಾಲಿ ಬೆಲ್ಟೂ ಲೋಹವಾಯಿತು.

“ದೃಷ್ಟಿ ಆಗೇತಿ,” ಅಂದಳು ಕಸ ಆಯುವ ಮುದುಕಿ ವಿರೂಪಮ್ಮ. ಕುಂಕುಮ ಹಚ್ಚಿದ ನಿಂಬೆಹಣ್ಣನ್ನು ಯಂತ್ರಕ್ಕೆ ಇಳಿ ತೆಗೆದು ಬೆಲ್ಟಿನ ಮೇಲಿಟ್ಟಳು.

“ಲೋಹ.”

“ನಿನ್ನ ದೇವ್ರಿಗೂ ತುಕ್ಕು ಹಿಡದೈತಿ ಬಿಡವ್ವ,” ಅಂದ ಹುಸೇನಬಾಷಾ.

ಅಷ್ಟರಲ್ಲಿ ರಸ್ತೆಯಲ್ಲಿ ಲಾರಿಗಳ ಸಾಲು ಹಾದು ಕೆಂಧೂಳು ಎದ್ದಿತು. ನಡುಹಗಲ ಸೂರ್ಯ ಒಡೆದ ದಾಳಿಂಬೆಯಂತಾದ. ಖಾಲಿ ಬೆಲ್ಟಿನ ಮೇಲೆ ಯಂತ್ರ ಗಾಳಿಯನ್ನೇ ನೋಡುತ್ತ, ಲಾಲಿ ಹಾಡುವಷ್ಟು ಮೆತ್ತಗೆ, “ಲೋಹ... ಲೋಹ...” ಅನ್ನತೊಡಗಿತು. ಸುಂಕಣ್ಣ ಸ್ವಿಚ್ಚು ಆರಿಸಿದ. ಬೆಲ್ಟು ನಿಂತಿತು. ವಿರೂಪಮ್ಮ ಸೆರಗು ಬಾಯಿಗೆ ಹಿಡಿದು ಕೆಮ್ಮಿದಳು; ಸೆರಗಿನಲ್ಲಿ ಕೆಂಪು ಕಫ.

“ಲೋಹ,” ಅಂದಿತು ಆರಿದ ಯಂತ್ರ.

ಯಾರೂ ನಗಲಿಲ್ಲ. “ಒಳಗ ಸ್ವಲ್ಪ ಕರೆಂಟ್ ಉಳದಿರ್ತೈತಿ,” ಅಂದ ಭೀಮರಾಜ. ಹೇಳುವಾಗ ಎರಡು ಹೆಜ್ಜೆ ಹಿಂದೆ ಸರಿದಿದ್ದ.

ಆಗಲೇ ಜೀಪು ಬಂತು. ಗಾಜು ಏರಿಸಿದ ಜೀಪಿನಿಂದ ತೊಳೆದ ಮೂಲಂಗಿಯಂತೆ ಬೆಳ್ಳಗೆ ಇಳಿದರು ಸಾಹೇಬರು. ಜೊತೆಗೆ ಒಬ್ಬ ಗಣಿ ಸಾವ್ಕಾರ. ಯಂತ್ರ ಮತ್ತೆ ಹೊರಟಿತು. ಸಾಹೇಬರು ಬಗ್ಗಿ, ಬಿಳಿ ಕರವಸ್ತ್ರದಿಂದ ಕ್ಯಾಮೆರಾ ಒರೆಸಿ ನೋಡಿದರು.

“ಹಸಿ,” ಅಂದ ದನಿಯ ಹಿಂದೆಯೇ ತೋಳು ಬಂದು ಅವರ ಹೊಟ್ಟೆಯನ್ನು ಕೊಳೆಯುವ ಗುಂಡಿಯ ಕಡೆ ತಳ್ಳಿತು. ಭೀಮರಾಜ ಪ್ಯಾಂಟಿನ ಬೆಲ್ಟು ಹಿಡಿದೆಳೆದದ್ದರಿಂದ ಉಳಿದರು. ಆಮೇಲೆ ಬಂದದ್ದೆಲ್ಲ, ಹಳಸಿದ ಅನ್ನದವರೆಗೆ, “ಲೋಹ.”

ಸುಂಕಣ್ಣ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡ, ಮನೆಗೆ ಹೊರಡುವವನಂತೆ.

ಸಾವ್ಕಾರ ಮಾತ್ರ ಬೆಲ್ಟಿನ ಮೇಲಿನ ಧೂಳನ್ನು ಚಿಟಿಕೆಯಲ್ಲಿ ತಿಕ್ಕುತ್ತಿದ್ದ. “ಸಾಹೇಬ್ರ, ಮಿಷಿನ್ನು ಸುಳ್ಳು ಹೇಳಂಗಿಲ್ಲ. ಈ ಗುಡ್ಡಿ ನಂಗ ಬರಕೊಡ್ರಿ.”

ಬೆಟ್ಟಗಳನ್ನು ಹೇಗೆ ಕೊಟ್ಟಿದ್ದರೋ ಗುಡ್ಡೆಯನ್ನೂ ಹಾಗೇ ಕೊಟ್ಟರು: ಕೇಳಿದ ಕೂಡಲೇ. ಇಳಿಹೊತ್ತಿಗೆ ಜೆಸಿಬಿಗಳು ಬಂದು ಬಾಳೆಸಿಪ್ಪೆ, ಚಪ್ಪಲಿ, ಮಲ್ಲಿಗೆ ಎಲ್ಲವನ್ನೂ ಬಾಚಿ ಲಾರಿಗೆ ತುಂಬಿದವು. ಊರಿನಲ್ಲಿ ಕಸವೇ ಇಲ್ಲ, ಇರುವುದೆಲ್ಲ ಲೋಹ, ಯೋಜನೆ ಗೆದ್ದಿತು ಅಂದರು ಸಾಹೇಬರು. ಸುಂಕಣ್ಣನ ಬೆನ್ನು ತಟ್ಟಿ, ಕೈ ಒರೆಸಿಕೊಂಡು, “ನಿನ್ನ ಕೆಲಸ ಕಾಯಂ,” ಅಂದರು. ಮಾಲು ಕಳುವಾಗಬಾರದೆಂದು ಸಾವ್ಕಾರ ಯಂತ್ರವನ್ನು ಗೇಟಿಗೆ ಸಾಗಿಸಿ ನಿಲ್ಲಿಸಿದ.

ಹುಲುಗಮ್ಮನಿಗೆ ಸುದ್ದಿ ಹೇಳಲು ಮನೆಗೆ ಹೊರಟ ಸುಂಕಣ್ಣ ಸಂಜೆ ಗೇಟಿಗೆ ಬಂದ. ಯಂತ್ರದ ಕಣ್ಣು ಅವನನ್ನು ನೆತ್ತಿಯಿಂದ ಪಾದದವರೆಗೆ ನೋಡಿತು.

“ಲೋಹ.”

ಗೇಟು ತೆರೆಯಲಿಲ್ಲ.

“ಕೆಂಚಣ್ಣ, ನಾನಪಾ,” ಅಂದ ಕಾವಲಿನವನಿಗೆ.

“ನೀನ ಅನ್ನೂದು ನಂಗ ಗೊತ್ತೈತಿ. ಆದ್ರ ಅದು ಲೋಹ ಅಂದದ್ದನ್ನ ಹೊರಗ ಬಿಡಬ್ಯಾಡ ಅಂದಾರ. ಮೈ ತೊಳಕೊಂಡು ಬಾ.”

“ನೀರು?”

“ಟ್ಯಾಂಕರು ಲಾರಿ ತೊಳಿಯಾಕ ಹೋಗೇತಿ.”

ಸುಂಕಣ್ಣ ಸರಳಿನಾಚೆ ನೋಡಿದ. “ಹುಸೇನಣ್ಣ, ನೀನಾರ ಹೇಳೋ, ನಾ ಮನಶಾ ಅಂತ.”

ಹುಸೇನಬಾಷಾ ತಕ್ಕಡಿ ಮಡಚುತ್ತಿದ್ದ. “ನಿನ್ನೆ ಆಗಿದ್ರ ನಾನ ತಗೋತಿದ್ನಲೇ,” ಅಂದ, ತಲೆ ಎತ್ತದೆ. “ಇವತ್ತು ಮಾಲು ಸಾವ್ಕಾರಂದು.”

ಹಿಂದೆ ಜೆಸಿಬಿ ನಿಂತಿತು. ಲಾರಿಯಲ್ಲಿ ಇನ್ನೂ ಸ್ವಲ್ಪ ಜಾಗ ಉಳಿದಿತ್ತು. ಕೂಸು ತನ್ನ ತೋಳು ಚಾಚಿ, ಕಲಿಸಿದವನ ಎದೆಗೆ ಮೆತ್ತಗೆ ಇಟ್ಟು, ಅತ್ತ ತಳ್ಳತೊಡಗಿತು.