ತವರುಮನೆ ಇಲ್ಲದ ಕ್ಯಾಮೆರಾ

ವಾದದಲ್ಲಿ ಸೋತ ಅನುಭವ ನನಗೆ ಕಡಿಮೆ. ಗೆದ್ದು ಏನಾದರೂ ಉಪಯೋಗವಾದ ಅನುಭವ ಅದಕ್ಕಿಂತಲೂ ಕಡಿಮೆ. ನಾನು ಓದುತ್ತಿದ್ದ ಹಾಸನದ ಕಾಲೇಜಿನಲ್ಲಿ ಚರ್ಚಾಸ್ಪರ್ಧೆ ಎಂದರೆ ವೇದಿಕೆ ಹತ್ತುವ ಐದು ನಿಮಿಷ ಮೊದಲು ಚೀಟಿ ಎತ್ತಬೇಕು. ‘ಪರ’ ಬಂದರೆ ಪರ, ‘ವಿರೋಧ’ ಬಂದರೆ ವಿರೋಧ. ಮೂರು ವರ್ಷ ಹೀಗೆ ಚೀಟಿ ಹೇಳಿದ ಕಡೆ ನಿಂತು ಪ್ರಾಮಾಣಿಕವಾಗಿ ಕೂಗಾಡಿದ ಮೇಲೆ ಮನುಷ್ಯನಿಗೆ ಒಂದು ಕಾಯಿಲೆ ಅಂಟಿಕೊಳ್ಳುತ್ತದೆ. ತಾನು ಎಲ್ಲಿ ನಿಂತರೆ ಸತ್ಯವೂ ಅಲ್ಲಿಗೇ ಬಂದು ಪಕ್ಕದಲ್ಲಿ ನಿಲ್ಲುತ್ತದೆ ಎಂಬ ಭ್ರಮೆ. ರಜೆಗೆ ನಮ್ಮೂರು ಪಾಳ್ಯಕ್ಕೆ ಬರುವಾಗ ಕೊಳೆಬಟ್ಟೆಯ ಜೊತೆಗೆ ಈ ಕಾಯಿಲೆಯನ್ನೂ ತರುತ್ತಿದ್ದೆ. “ಸಾರಿಗೆ ಉಪ್ಪು ಕಮ್ಮಿ ಆಯ್ತೇನೋ?” ಎಂದು ಅಮ್ಮ ಕೇಳಿದರೆ, “ಕಮ್ಮಿ ಅಂದ್ರೆ ಯಾವುದಕ್ಕೆ ಹೋಲಿಸಿ?” ಎನ್ನುತ್ತಿದ್ದೆ. ಅಮ್ಮ ಉಪ್ಪಿನ ಡಬ್ಬಿಯನ್ನು ನನ್ನ ಮುಂದೆ ಕುಕ್ಕಿ ಹೋಗುತ್ತಿದ್ದಳು.

ಭತ್ತದ ಕೊಯ್ಲು ಮುಗಿದ ಮೇಲೆ ನಮ್ಮ ಗದ್ದೆಬಯಲಿನಲ್ಲಿ ಪ್ರತಿವರ್ಷ ಪಾಳ್ಯಕ್ಕೂ ಪಕ್ಕದೂರು ಮಗ್ಗೆಗೂ ಟೆನ್ನಿಸ್ ಚೆಂಡಿನ ಕ್ರಿಕೆಟ್. ಅಂಪೈರು ಜವರಪ್ಪ ಮಾವ, ಅಮ್ಮನ ಅಣ್ಣ. ಅವರು ಹುಟ್ಟಿದ್ದು ಮಗ್ಗೆಯಲ್ಲಿ, ತಂಗಿಯನ್ನು ಕೊಟ್ಟದ್ದು ಪಾಳ್ಯಕ್ಕೆ. ಹಾಗಾಗಿ ಎರಡು ಊರಿನವರೂ ಅವರನ್ನು ಸಮಾನವಾಗಿ ಅನುಮಾನಿಸುತ್ತಿದ್ದರು. ಅದಕ್ಕಿಂತ ಒಳ್ಳೆಯ ಅಂಪೈರು ಎಲ್ಲಿ ಸಿಗಬೇಕು? ತಲೆಗೆ ಬಿಳಿ ಬಟ್ಟೆಯ ಟೋಪಿ, ಎಡಜೇಬಿನಲ್ಲಿ ಆರು ಕಾಫಿ ಬೀಜ. ಒಂದು ಎಸೆತ ಮುಗಿದರೆ ಒಂದು ಬೀಜ ಬಲಜೇಬಿಗೆ. ಆ ಟೋಪಿ ಹಾಕಿಕೊಂಡ ದಿನ ಅವರು ಯಾರಿಗೂ ಮಾವನಲ್ಲ, ಭಾವನಲ್ಲ. ಬೆರಳೆತ್ತಿದರೆ ಮುಗಿಯಿತು.

ಇದನ್ನು ಕೆಡಿಸಿದ್ದು ಕೇಬಲ್ ಟೀವಿ ಮತ್ತು ನಾನು. ದೊಡ್ಡ ಪಂದ್ಯಗಳಲ್ಲಿ ರನೌಟಿನ ಅನುಮಾನ ಬಂದರೆ ಅಂಪೈರು ಗಾಳಿಯಲ್ಲಿ ಚೌಕ ಬರೆಯುವುದನ್ನೂ, ಒಳಗೆ ಕೂತ ಮೂರನೇ ಅಂಪೈರು ಅದೇ ದೃಶ್ಯವನ್ನು ಮತ್ತೆ ಮತ್ತೆ ನೋಡಿ ದೀಪ ಹಾಕುವುದನ್ನೂ ನಾವೆಲ್ಲ ಬಾಯಿ ಬಿಟ್ಟುಕೊಂಡು ನೋಡಿದ್ದೆವು. ಆ ವರ್ಷ ನಮ್ಮ ಕಡೆಯ ಕೇಬಲಿನ ಲೋಕೇಶಣ್ಣ, ಮದುವೆಗಳ ವಿಡಿಯೋ ತೆಗೆಯುವ ತನ್ನ ಕ್ಯಾಮೆರಾದಲ್ಲೇ ನಮ್ಮ ಪಂದ್ಯದ ನೇರ ಪ್ರಸಾರ ಮಾಡುತ್ತೇನೆಂದ. ನಾನು ತಕ್ಷಣ ಎರಡೂ ಊರಿನವರ ಸಭೆಯಲ್ಲಿ ಎದ್ದು ನಿಂತೆ. “ಮಾವನಿಗೆ ತಂಗಿ ಇದ್ದಾರೆ, ತವರೂರು ಇದೆ. ಕ್ಯಾಮೆರಾಕ್ಕೆ ತವರುಮನೆ ಇಲ್ಲ!” ಚಪ್ಪಾಳೆ ಬಿತ್ತು. ಕ್ಯಾಮೆರಾ ಹಿಡಿಯುವವನು ಯಾರು, ಅವನು ಯಾವ ಕಡೆ ತಿರುಗಿಸುತ್ತಾನೆ ಎಂದು ಯಾರೂ ಕೇಳಲಿಲ್ಲ. ದೇವರನ್ನೂ ಬಿಡದೆ ಪ್ರಶ್ನೆ ಕೇಳುವ ನಾನೂ ಕೇಳಲಿಲ್ಲ. ಅವತ್ತು ನನ್ನದು ‘ಪರ’ದ ಚೀಟಿ. ಔಟಿಗೆ ಕೆಂಪು ಟವೆಲ್, ನಾಟೌಟಿಗೆ ಕಾಫಿ ಸೊಪ್ಪು ಎಂದು ತೀರ್ಮಾನವಾಯಿತು. “ಆಗ್ಲಿ ಬುಡ್ರಪ್ಪ” ಎಂದು ಮಾವ ಎದ್ದು ಹೋದರು.

ಪಂದ್ಯದ ದಿನ ನಮ್ಮ ಕೊನೆಯ ವಿಕೆಟ್ಟಿಗೆ ನಾನಿದ್ದೆ. ಗೆಲ್ಲಲು ನಾಲ್ಕು ರನ್ ಬೇಕು. ಚೆಂಡನ್ನು ಮೆಲ್ಲಗೆ ತಳ್ಳಿ, ಇಲ್ಲದ ಒಂದು ರನ್ನಿಗೆ ಓಡಿದೆ. ಧೂಳು, ಭತ್ತದ ಕೂಳೆ, ಕೂಗಾಟ. ವಿಕೆಟ್ ಬಿತ್ತು, ಮಾವನ ಬೆರಳು ಮೇಲೆದ್ದಿತು. ನಾನು ಔಟಾಗಿದ್ದೆನೇ? ಸತ್ಯವಾಗಿ ಗೊತ್ತಿರಲಿಲ್ಲ. ಯಾವ ಪಕ್ಷದಲ್ಲಿದ್ದೇನೆ ಎನ್ನುವುದು ಮಾತ್ರ ಚೆನ್ನಾಗಿ ಗೊತ್ತಿತ್ತು. ಎರಡು ಕೈಯಲ್ಲೂ ಗಾಳಿಯಲ್ಲಿ ಚೌಕ ಬರೆದೆ.

“ಅಳಿಯಾ, ನಾನ್ ಕಣ್ಣಾರೆ ನೋಡಿದೀನಿ ಕಣೋ.”

“ನೀವು ನೋಡಿದ್ದೀರಿ ಮಾವ. ಕ್ಯಾಮೆರಾನೂ ನೋಡೈತೆ.”

ಮಾವ ಟೋಪಿ ತೆಗೆದು ಮುರಿದು ಬಿದ್ದಿದ್ದ ವಿಕೆಟ್ಟಿನಲ್ಲಿ ಇನ್ನೂ ನಿಂತಿದ್ದ ಒಂದು ಕೋಲಿಗೆ ನೇತುಹಾಕಿದರು. “ಟೀವಿ ನಾಟೌಟ್ ಅಂದ್ರೆ ಇದನ್ನ ಮತ್ತೆ ತಲೆಗ್ ಇಕ್ಕಾಕಿಲ್ಲ.” ಆ ಎಸೆತದ ಕಾಫಿ ಬೀಜ ಇನ್ನೂ ಅವರ ಅಂಗೈಯಲ್ಲೇ ಇತ್ತು. ಯಾವ ಜೇಬಿಗೆ ಹಾಕುವುದೆಂದು ತೋಚದೆ ಹಿಡಿದುಕೊಂಡಿದ್ದರು. ಅದನ್ನು ನೋಡಿ, ಬರೆದ ಚೌಕವನ್ನು ವಾಪಸ್ ತೆಗೆದುಕೊಂಡುಬಿಡೋಣ ಎನಿಸಿತು. ಆದರೆ ವಾದ ಶುರು ಮಾಡಿದವನು ನಡುವೆ ಕೂತರೆ ಅಂಕ ಹೋಗುತ್ತದಲ್ಲ!

ಟೀವಿಯನ್ನು ಟ್ರ್ಯಾಕ್ಟರಿನ ಟ್ರೇಲರ್ ಮೇಲಿಟ್ಟಿದ್ದರು. ಬಿಸಿಲಿಗೆ ಏನೂ ಕಾಣದೆಂದು ಮೇಲೊಂದು ಕಂಬಳಿ. ಅದರೊಳಗೆ ಮಾವ, ನಾನು, ಮಗ್ಗೆ ತಂಡದ ನಾಯಕ, ಮೂವರೂ ತಲೆ ತೂರಿಸಿದೆವು. ಲೋಕೇಶಣ್ಣ ಟೇಪು ಹಿಂದಕ್ಕೆ ಸುತ್ತಿ ಬಿಟ್ಟ. ನಾನು ಚೆಂಡು ತಳ್ಳಿದೆ, ಓಡಿದೆ, ಅರ್ಧ ದಾರಿ ಬಂದೆ. ಅಷ್ಟರಲ್ಲಿ ಚಿತ್ರ ಗದ್ದೆಯ ಬದುವಿನ ಕಡೆ ಜಾರಿ, ಪರದೆಯ ತುಂಬ ನಮ್ಮಮ್ಮನ ಮುಖ.

“ಲೋಕೇಶಣ್ಣ, ಕ್ರೀಸ್ ಗೆರೆ ಎಲ್ಲಿ?” ಎಂದೆ.

“ಗೆರೆ ಯಾರಿಗ್ ಬೇಕು ಮಾರಾಯ?” ಎಂದ ಅವನು, ನಿಜಕ್ಕೂ ಆಶ್ಚರ್ಯದಿಂದ. “ತಾಳಿ ಕಟ್ಟೋ ಗಳಿಗೇಲಿ ಹೆಣ್ಣಿನ್ ತಾಯಿ ಮುಖ ಹಿಡೀದಿದ್ರೆ ಕ್ಯಾಸೆಟ್ ವಾಪಸ್ ತಂದು ಮುಖಕ್ಕೆ ಎಸೀತಾರೆ. ಹತ್ತು ವರ್ಷದ ಅಭ್ಯಾಸ ಕಣೋ, ಕೈ ತಾನಾಗೇ ತಿರುಗ್ಬುಡ್ತದೆ.”

ದೊಡ್ಡ ಪಂದ್ಯದ ಮೂರನೇ ಅಂಪೈರನ ಪಾಡೂ ಇಷ್ಟೇ ಎಂದು ನನಗೆ ಆ ಕಂಬಳಿಯ ಕತ್ತಲೆಯಲ್ಲಿ ಹೊಳೆಯಿತು. ಅವನು ನೋಡುವುದು ನಡೆದದ್ದನ್ನಲ್ಲ, ಪ್ರಸಾರದವರು ಹಿಡಿದು ಕೊಟ್ಟದ್ದನ್ನು.

“ಇನ್ನೊಂದ್ಸಲ ಹಾಕು. ಸೌಂಡ್ ಜಾಸ್ತಿ ಮಾಡು” ಎಂದರು ಮಾವ.

ಪರದೆಯಲ್ಲಿ ಅಮ್ಮ ತುದಿಗಾಲಲ್ಲಿ ನಿಂತು ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ಇದ್ದಕ್ಕಿದ್ದಂತೆ ಹಣೆ ಚಚ್ಚಿಕೊಂಡಳು. “ಅಯ್ಯೋ, ಹೋಗ್ಬುಟ್ಟ ಕಣೇ ನನ್ ಮಗ! ಒಂದು ಮಾರು ಆಚೇಲಿದ್ದ!” ಅದಾದ ಮೇಲೆ, ಎಲ್ಲೋ ದೂರದಲ್ಲಿ, ಮಾವನ ದನಿ: “ಔಟ್!”

ಮಗ್ಗೆಯ ನಾಯಕ ನಕ್ಕ ರಭಸಕ್ಕೆ ಕಂಬಳಿಯೇ ಜಾರಿಬಿತ್ತು. ಹೊರಬಂದವನೇ ನಾನು ಕೊನೆಯ ಆಕ್ಷೇಪಣೆ ಎತ್ತಿದೆ. “ಈ ಸಾಕ್ಷಿ ನಡೆಯೋದಿಲ್ಲ. ಅಮ್ಮ ಮಗ್ಗೆಯ ಮಗಳು. ಪಕ್ಷಪಾತ!”

ಬದುವಿನ ಮೇಲಿಂದ ಅಮ್ಮ ಕೂಗಿದಳು: “ಏ ಮಂಕೇ, ತವರು ಗೆಲ್ತು ಅಂತ ಯಾರಾದ್ರೂ ಹಣೆ ಚಚ್ಕಂತಾರೇನೋ?”

ನಾನೇ ಕೆಂಪು ಟವೆಲ್ ಎತ್ತಿ ಬೀಸಿದೆ. ಆಮೇಲೆ ಕೋಲಿನಿಂದ ಟೋಪಿ ತೆಗೆದು, ಧೂಳು ಕೊಡವಿ, ಮಾವನ ಕೈಗೆ ಕೊಟ್ಟೆ. ಅವರು ಮೊದಲು ಕಾಫಿ ಬೀಜವನ್ನು ಬಲಜೇಬಿಗೆ ಹಾಕಿದರು. ಆಮೇಲೆ ಟೋಪಿ ಇಟ್ಟುಕೊಂಡರು.

ಇಷ್ಟಾದ ಮೇಲೆ ಮಾವ ಟೀವಿಯನ್ನು ಗದ್ದೆಯಿಂದಲೇ ಓಡಿಸುತ್ತಾರೆ ಅಂದುಕೊಂಡಿದ್ದೆ. ಮುಂದಿನ ವರ್ಷ ಅವರೇ ಲೋಕೇಶಣ್ಣನನ್ನು ಕರೆದು, “ಎರಡು ಕ್ಯಾಮೆರಾ ತಾ. ಒಂದನ್ನ ಗೆರೆಗೆ ನೇರವಾಗಿ ಗೂಟಕ್ಕೆ ಕಟ್ಟು, ಕೈಲಿ ಮುಟ್ಬ್ಯಾಡ. ಇನ್ನೊಂದು ನಮ್ ತಂಗಿ ಮೇಲಿರ್ಲಿ” ಎಂದರು. ಆ ವರ್ಷದ ಪಂದ್ಯದಲ್ಲಿ ಔಟೆಂದು ಕಳಿಸಿದ್ದ ಹುಡುಗನೊಬ್ಬನನ್ನು, ಗೂಟದ ಕ್ಯಾಮೆರಾ ನೋಡಿ ತಾವೇ ವಾಪಸ್ ಕರೆದರು. “ನನ್ ಕಣ್ಣಿಗೂ ವಯಸ್ಸಾಯ್ತು ಕಣ್ರೋ” ಎಂದು ಕಾಫಿ ಸೊಪ್ಪು ಬೀಸಿದರು. ಟೋಪಿ ತಲೆಯ ಮೇಲೇ ಇತ್ತು. ತಪ್ಪನ್ನು ಒಪ್ಪಿಕೊಂಡರೆ ಟೋಪಿ ಹಾರಿಹೋಗುವುದಿಲ್ಲ ಎಂದು ಎರಡೂ ಊರಿನವರು ಅವತ್ತು ನೋಡಿದರು. ನಾನೂ ನೋಡಿದೆ.

ನೋಡಿದೆ, ಅಷ್ಟೇ. ಕಲಿಯುವುದು ಬೇರೆ ವಿಷಯ. ಈಗಲೂ ಟೀವಿಯಲ್ಲಿ ಮೂರನೇ ಅಂಪೈರು ತಡ ಮಾಡಿದರೆ ಅಮ್ಮ, “ಆ ಹುಡ್ಗನ ಅವ್ವನ್ ಮುಖ ತೋರ್ಸಿದ್ರೆ ಆಗ್ತಿತ್ತಪ್ಪ” ಎನ್ನುತ್ತಾಳೆ. ಇದು ಅವೈಜ್ಞಾನಿಕವೆಂದು ನಾನು ನಾಲ್ಕು ಕಾರಣ ಕೊಡುತ್ತೇನೆ. ಮೊನ್ನೆ ಊಟಕ್ಕೆ ಕೂತಾಗ ಅವಳು, “ಸಾರಿಗೆ ಉಪ್ಪು ಸರಿ ಐತೇನೋ?” ಎಂದು ಕೇಳಿದಳು. ಉಪ್ಪು ಕಮ್ಮಿಯೇ ಇತ್ತು. ಆದರೂ ಹಳೆಯ ಕಾಯಿಲೆಯನ್ನು ಕಷ್ಟಪಟ್ಟು ನುಂಗಿಕೊಂಡು, “ಸರಿ ಐತಮ್ಮ” ಎಂದೆ. ಅಮ್ಮ ಒಂದು ಗಳಿಗೆ ನನ್ನ ಮುಖ ನೋಡಿದಳು. ಆಮೇಲೆ ಉಪ್ಪಿನ ಡಬ್ಬಿಯನ್ನು ನನ್ನ ಮುಂದಿಟ್ಟಳು.