ತಪ್ಪು ಹುಡುಕುವ ಶನಿವಾರ

ನಮ್ಮ ಚಿಕ್ಕಪ್ಪನಿಗೆ ದೆವ್ವವೇನಾದರೂ ಎದುರಾಗಿದ್ದರೆ ಓಡಿಹೋಗುತ್ತಿದ್ದದ್ದು ದೆವ್ವವೇ! ಅದು ಹಲ್ಲು ಕಿರಿದು ನಿಂತರೆ ಇವರು ಕನ್ನಡಕ ಸರಿಮಾಡಿಕೊಂಡು, "ನೀನು ಸತ್ತಿದ್ದೀಯ ಅಂತ ನಿನಗೆ ಹೇಗೆ ಗೊತ್ತು?" ಎಂದು ಕೇಳುತ್ತಿದ್ದರು. ಉತ್ತರ ಕೊಟ್ಟರೆ ಇನ್ನೊಂದು ಪ್ರಶ್ನೆ. ದೆವ್ವಕ್ಕಾದರೂ ಹುಣಸೆಮರವಿದೆ, ಹತ್ತಿ ಕೂರಬಹುದು. ಅವರ ಮನೆಯಲ್ಲೇ ಉಂಡು, ಅವರ ತರಗತಿಯಲ್ಲೇ ಓದುತ್ತಿದ್ದ ನಾನು ಎಲ್ಲಿಗೆ ಹೋಗಲಿ?

ಇದು ಎಪ್ಪತ್ತರ ದಶಕದ ಕೊನೆಯ ಮಾತು. ಚಿಕ್ಕಪ್ಪ ಕೋಲಾರದ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಮೇಷ್ಟ್ರು. ನಾನು ಬೈರಕೂರಿನಿಂದ ಬಿ.ಎಸ್ಸಿ. ಓದಲು ಬಂದು ಅವರ ಮನೆ ಸೇರಿದ್ದೆ. ಬೇರೆ ಮೇಷ್ಟ್ರುಗಳು ನೋಟ್ಸ್ ಬರೆಸಿ, ಕಪ್ಪೆ ಕೊಯ್ಸಿ, ನೆಮ್ಮದಿಯಾಗಿ ಮನೆಗೆ ಹೋಗುತ್ತಿದ್ದರು. ಇವರಿಗೆ ಅದು ಸಾಲದು. "ಹೇಳಿದ್ದನ್ನ ಗಿಳೀನೂ ಒಪ್ಪಿಸುತ್ತೆ. ನೀವು ಹೊಸದೊಂದು ಪ್ರಶ್ನೆ ಹುಟ್ಟಿಸ್ರಿ," ಎಂದು ನಮ್ಮ ಶನಿವಾರದ ಮಧ್ಯಾಹ್ನಗಳನ್ನು ಕಿತ್ತುಕೊಂಡರು. ಒಬ್ಬರು ಕರಿಹಲಗೆಯ ಮುಂದೆ ನಿಂತು, ತಾವು ಏನನ್ನು ಕಂಡುಹಿಡಿಯಬೇಕೆಂದಿದ್ದೇವೆ, ಅದಕ್ಕೆ ಯಾವ ಪ್ರಯೋಗ ಮಾಡುತ್ತೇವೆ ಎಂದು ಹೇಳಬೇಕು. ಉಳಿದವರು ಅದರಲ್ಲಿ ತಪ್ಪು ಹುಡುಕಬೇಕು. ಹುಡುಕಲಾರದವರು ಮುಂದಿನ ಶನಿವಾರ ಹಲಗೆಯ ಮುಂದೆ!

ಶುಕ್ರವಾರ ಬಂತೆಂದರೆ ಅರ್ಧ ತರಗತಿಗೆ ಹೊಟ್ಟೆನೋವು. ನೀವೇ ಹೇಳಿ, ನಮ್ಮ ಸೀಮೆಯಲ್ಲಿ ಯಾರಾದರೂ ಎದುರಿಗೆ ತಪ್ಪು ಹೇಳುತ್ತಾರೆಯೇ? ಎದುರಿಗೆ "ಬನ್ನಿ, ಕಾಫಿ ಕುಡೀರಿ" ಎನ್ನುತ್ತೇವೆ. ತಪ್ಪೆಲ್ಲ ಅವರು ಬೀದಿ ತಿರುಗಿದ ಮೇಲೆ. ಲಕ್ಕೂರಿನ ಹುಡುಗಿಯೊಬ್ಬಳು ತಪ್ಪು ಹೇಳುವ ಸರದಿ ಬಂದಾಗ ಎದ್ದು, "ಎಲ್ಲಾ ಚೆನ್ನಾಗೈತೆ ಸಾರ್," ಎಂದಳು.

"ಚೆನ್ನಾಗೈತೆ ಅನ್ನೋದು ಮದುವೆ ಊಟಕ್ಕಮ್ಮ. ಇಲ್ಲಿ ಏನು ಕೆಟ್ಟಿದೆ ಅದನ್ನ ಹೇಳು."

ಆಕೆ ಅಳತೊಡಗಿದಳು. "ಪರವಾಗಿಲ್ಲ, ಅತ್ಕೊಂಡೇ ಹೇಳು," ಎಂದರು ಚಿಕ್ಕಪ್ಪ. ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತಾ ಆಕೆ ಸಾಲಾಗಿ ತಪ್ಪು ಹೇಳಿದಳು ನೋಡಿ, ಒಂದೂ ಸುಳ್ಳಾಗಿರಲಿಲ್ಲ. ಈಗ ಅಳುವ ಸರದಿ ಹಲಗೆಯ ಮುಂದೆ ನಿಂತಿದ್ದವನದು.

ಇನ್ನೊಂದು ಶನಿವಾರ ಶ್ರೀನಿವಾಸಪುರದ ಮಾವಿನ ತೋಟದ ಹುಡುಗ, ರಸ್ತೆ ಪಕ್ಕದ ಮರಗಳಲ್ಲಿ ಕಾಯಿ ಕಡಿಮೆ, ಲಾರಿಗಳ ಹೊಗೆಗೆ ಹೂವು ಉದುರುತ್ತದೆಂದು ತನ್ನ ಊಹೆ, ಅದನ್ನು ಪ್ರಯೋಗ ಮಾಡಿ ತೋರಿಸುತ್ತೇನೆ ಎಂದ. ಹಿಂದಿನ ಬೆಂಚಿನಿಂದ ನಂಗಲಿಯ ಹುಡುಗ ಎದ್ದ. ಅವನ ಮನೆ ಹೆದ್ದಾರಿಯ ಮೇಲೇ ಇತ್ತು.

"ಹೊಗೇನೂ ಇಲ್ಲ, ಏಮೀ ಇಲ್ಲ ಸಾರ್. ಡ್ರೈವರುಗಳು ಲಾರಿ ನಿಲ್ಸಿ ಕಾಯಿ ಕಿತ್ಕೊಂಡು ಹೋಗ್ತಾರೆ. ನಾನೇ ಉಪ್ಪು ಖಾರ ಕೊಟ್ಟಿದ್ದೀನಿ."

ಚಿಕ್ಕಪ್ಪ ಅವನನ್ನು ತಬ್ಬಿಕೊಳ್ಳುವುದೊಂದು ಬಾಕಿ. ಮಾವಿನ ತೋಟದ ಹುಡುಗ ಮಾತ್ರ ಆಮೇಲೆ ಅವನ ಜೊತೆ ಮಾತು ಬಿಟ್ಟ.

ಮನೆಯಲ್ಲಾದರೂ ಬಿಡುವುಂಟೇ? "ಸಾರಿಗೆ ಉಪ್ಪು ಜಾಸ್ತಿ ಆಯ್ತೇನೋ," ಎಂದು ಚಿಕ್ಕಮ್ಮ ಅಂದರೆ, "ಯಾವುದಕ್ಕಿಂತ ಜಾಸ್ತಿ?" ಎಂದು ಇವರು ಕೇಳುತ್ತಿದ್ದರು. "ನಿಮ್ಮ ಮಾತಿಗಿಂತ ಕಮ್ಮೀನೇ ಇದೆ, ಉಣ್ಣಿ," ಎನ್ನುತ್ತಿದ್ದರು ಚಿಕ್ಕಮ್ಮ. ಕೋಲಾರದಲ್ಲಿ ಅವರಿಗೆ ಹೆದರದ ಜೀವ ಅದೊಂದೇ.

ಹೀಗಿರಲು ಒಂದು ಶನಿವಾರ ಚಿಕ್ಕಪ್ಪನೇ ಸೀಮೆಸುಣ್ಣ ಹಿಡಿದು ಹಲಗೆಯ ಮುಂದೆ ನಿಂತರು. ಮುಂದಿನ ವಾರ ಅವರು ಬೆಂಗಳೂರಿಗೆ ಹೋಗಿ ದೊಡ್ಡ ಪ್ರೊಫೆಸರುಗಳಿಗೆ ತಮ್ಮ ಸಂಶೋಧನೆಯನ್ನು ಒಪ್ಪಿಸಬೇಕಿತ್ತು. ಆ ಪ್ರೊಫೆಸರುಗಳು ಹೂಂ ಎಂದರೆ ಡಾಕ್ಟರೇಟಿಗೆ ದಾರಿ. ತಲೆಗೂದಲು ಉದುರುವ ತನಕ ಕಾದಿದ್ದ ದಾರಿ ಅದು. "ಅಲ್ಲಿ ಮಾನ ಹೋಗೋದಕ್ಕಿಂತ ಇಲ್ಲೇ ಹೋಗ್ಲಿ. ಹುಡುಕ್ರಿ ತಪ್ಪು," ಎಂದರು.

ವಿಷಯ ನಮ್ಮ ಮನೆಯದೇ. ಬೈರಕೂರಿನಲ್ಲಿ ಅಜ್ಜಿ, ಅಂದರೆ ಚಿಕ್ಕಪ್ಪನ ತಾಯಿ, ರೇಷ್ಮೆ ಹುಳು ಸಾಕುತ್ತಿದ್ದರು. ಹುಳುವಿರುವ ಮನೆಯಲ್ಲಿ ಬೆಳ್ಳುಳ್ಳಿ ಒಗ್ಗರಣೆಯ ಘಾಟು ಎದ್ದರೆ ಹುಳು ಸಾಯುತ್ತವೆ ಎಂಬುದು ನಮ್ಮ ಕಡೆಯ ನಂಬಿಕೆ. ಅದು ನಿಜವೇ ಎಂದು ನೋಡಲು ಚಿಕ್ಕಪ್ಪ ಹಿಂದಿನ ವರ್ಷ ಹುಳುವಿನ ಕೆಲವು ತಟ್ಟೆಗಳನ್ನು ಅಡುಗೆಮನೆಯ ಪಕ್ಕದ ಕೋಣೆಯಲ್ಲೂ, ಕೆಲವನ್ನು ದೂರದ ಹಜಾರದಲ್ಲೂ ಇಡಿಸಿದ್ದರು. ದಿನಾ ಎರಡು ಹೊತ್ತು ಅಡುಗೆಮನೆಯಲ್ಲಿ ಘಮ್ಮೆನ್ನುವಂತೆ ಬೆಳ್ಳುಳ್ಳಿ ಒಗ್ಗರಣೆ ಹಾಕಬೇಕೆಂದು ಅಜ್ಜಿಗೆ ಹೇಳಿ, ತಾವು ಭಾನುವಾರ ಮಾತ್ರ ಬಂದು ಹುಳು ತೂಗಿಕೊಂಡು ಹೋಗುತ್ತಿದ್ದರು. ಎರಡು ಕಡೆಯ ಹುಳುವೂ ದಷ್ಟಪುಷ್ಟ! ಕಟ್ಟಿದ ಗೂಡೂ ಒಂದೇ ಸಮ! ಆದ್ದರಿಂದ ಬೆಳ್ಳುಳ್ಳಿಯ ಮೇಲೆ ಹೊರಿಸಿದ ಅಪವಾದ ಸುಳ್ಳು ಎಂದು ಹಲಗೆಯ ಮೇಲೆ ಬರೆದು ಗೆರೆ ಎಳೆದರು.

ನಾನು ಮುಂದಿನವನ ಬೆನ್ನ ಹಿಂದೆ ತಲೆ ತಗ್ಗಿಸಿದೆ. ಏಕೆಂದರೆ ಹಿಂದಿನ ವರ್ಷ ನಾನು ಬೈರಕೂರಿನ ಮನೆಯಲ್ಲೇ ಇದ್ದೆ. ಆ ರೇಷ್ಮೆ ಬೆಳೆ ಮುಗಿದು ಹುಳು ಗೂಡು ಕಟ್ಟುವ ತನಕ ಅಜ್ಜಿ ಅಡುಗೆಮನೆಯಲ್ಲಿ ಒಂದು ದಿನವೂ ಒಗ್ಗರಣೆ ಹಾಕಿರಲಿಲ್ಲ. ಸಾರಿನ ಪಾತ್ರೆಯನ್ನು ಸೊಂಟದ ಮೇಲಿಟ್ಟುಕೊಂಡು, ಮಂಡಿನೋವಿನ ಕಾಲೆಳೆಯುತ್ತಾ, ತೋಟದಾಚೆಯ ಪಂಪ್ ಮನೆಗೆ ಹೋಗಿ, ಅಲ್ಲಿ ಕಲ್ಲು ಹೂಡಿ ಒಗ್ಗರಣೆ ಹಾಕಿಕೊಂಡು ಬರುತ್ತಿದ್ದರು. ಭಾನುವಾರ ಚಿಕ್ಕಪ್ಪ ಬರುವುದರೊಳಗೆ ಸಾರು ಸಿದ್ಧವಾಗಿರುತ್ತಿತ್ತು, ಮೇಲೆ ಬೆಳ್ಳುಳ್ಳಿ ತೇಲುತ್ತಿತ್ತು. ಲೋಕಕ್ಕೆಲ್ಲ "ಹೇಗೆ ಗೊತ್ತು" ಎನ್ನುವ ಮನುಷ್ಯ ಅಮ್ಮನ ಸಾರನ್ನು ಮಾತ್ರ ಏನೂ ಕೇಳದೆ ಸುರಿದುಕೊಂಡು ಉಣ್ಣುತ್ತಿದ್ದರು. "ಅವನಿಗೆ ಯಾರಾದ್ರೂ ಹೇಳಿದ್ರೆ ನನ್ನಾಣೆ," ಎಂದು ಅಜ್ಜಿ ಮನೆಮಂದಿಗೆಲ್ಲ ಆಣೆ ಇಟ್ಟಿದ್ದರು.

ಈಗ ನಾನು ಬಾಯಿ ಬಿಟ್ಟು, ಆಣೆ ತಪ್ಪಿ, ಅಜ್ಜಿಗೆ ಏನಾದರೂ ಆಗಿಹೋದರೆ? ಬಿಡದಿದ್ದರೆ ಚಿಕ್ಕಪ್ಪ ನಡೆಯದ ಪ್ರಯೋಗವನ್ನು ಬೆಂಗಳೂರಿನಲ್ಲಿ ಒಪ್ಪಿಸಿ ಬರುತ್ತಾರೆ. ಬಿಟ್ಟರೆ ಅವರ ಡಾಕ್ಟರೇಟಿಗೆ ನಾನೇ ಮಣ್ಣು ಹಾಕಿದಂತೆ. ಆಮೇಲೆ ಯಾವ ಮುಖ ಹೊತ್ತು ಅವರ ಮನೆಯಲ್ಲಿ ತಟ್ಟೆ ಹಾಕಿಕೊಂಡು ಕೂರಲಿ?

"ಹಾಗಾದ್ರೆ ತಪ್ಪೇ ಇಲ್ವೇನ್ರೋ?" ಎಂದರು ಚಿಕ್ಕಪ್ಪ. ಹಲಗೆಯ ಮುಂದೆ ಅವರ ಮುಖದಲ್ಲಿ ನಗು ಕಂಡದ್ದು ಅದೇ ಮೊದಲು. ಆ ನಗು ಕಂಡು ನನಗೆ ಇನ್ನಷ್ಟು ಹೆದರಿಕೆಯಾಯಿತು. ಹೇಗೆ ಎದ್ದು ನಿಂತೆನೋ ಆ ದೇವರೇ ಬಲ್ಲ.

"ಒಗ್ಗರಣೆ ಅಡುಗೆಮನೇಲಿ ಹಾಕಿರ್ಲಿಲ್ಲ ಸಾರ್."

"ಹೇಗೆ ಗೊತ್ತು?"

"ನಾನೇ ನೋಡಿದ್ದೀನಿ ಸಾರ್. ಅಜ್ಜಿ ಪಂಪ್ ಮನೇಲಿ ಹಾಕ್ಕೊಂಡು ಬರ್ತಿದ್ರು."

ತರಗತಿಯಲ್ಲಿ ಯಾರೂ ನಗಲಿಲ್ಲ. ನಗುವುದಕ್ಕೂ ಧೈರ್ಯ ಬೇಕಲ್ಲ! ಚಿಕ್ಕಪ್ಪ ಹಲಗೆಯನ್ನು ಒಂದು ಮೂಲೆಯಿಂದ ಇನ್ನೊಂದು ಮೂಲೆಯ ತನಕ ಒರೆಸಿ, ಕೈ ಕೊಡವಿಕೊಂಡು, "ನಡಿ ಊರಿಗೆ," ಎಂದರು.

ಮುಳಬಾಗಿಲಿನ ತನಕ ಬಸ್ಸಿನಲ್ಲಿ ಒಂದು ಮಾತಿಲ್ಲ. ಬೈಯುವ ಮನುಷ್ಯ ಬೈಯದೆ ಕೂತರೆ ಪಕ್ಕದಲ್ಲಿ ಕೂತವನ ಪಾಡೇನು? ಅಲ್ಲಿ ಬಸ್ಸು ಬದಲಿಸಿ ಬೈರಕೂರಿನಲ್ಲಿ ಇಳಿದೆವು. ಅಜ್ಜಿ ಜಗುಲಿಯ ಮೇಲೆ ಹಿಪ್ಪುನೇರಳೆ ಸೊಪ್ಪು ಹೆಚ್ಚುತ್ತಾ ಗಟ್ಟಿಮುಟ್ಟಾಗಿ ಕೂತಿದ್ದರು. ಆಣೆಯ ಭಯವೊಂದು ಇಳಿಯಿತು.

"ಅಮ್ಮಾ, ಹೋದ ವರ್ಷ ಒಗ್ಗರಣೆ ಎಲ್ಲಿ ಹಾಕ್ದೆ?" ಚಿಕ್ಕಪ್ಪ ಚಪ್ಪಲಿಯನ್ನೂ ಬಿಟ್ಟಿರಲಿಲ್ಲ.

ಅಜ್ಜಿ ನನ್ನ ಕಡೆ ತಿರುಗಿ, "ಹೇಳ್ಬಿಟ್ಟೇನ್ಲಾ?" ಎಂದರು. ನಾನು ಕಂಬದ ಹಿಂದೆ ಸರಿದೆ.

"ಬೆಳೆ ಹೋದ್ರೆ ಹೋಗ್ಲಿ, ನಾನಿದ್ದೀನಿ ಅಂತ ಹೇಳಿದ್ದೆ ತಾನೇ?"

"ಬೆಳೆ ಮನೆ ಹಾಳಾಗ್ಲಿ ನಾಯನಾ, ಅದಕ್ಕಲ್ಲ. ಈ ಹುಳದಿಂದ ನಿಂಗೆ ದೊಡ್ಡ ಪದವಿ ಬರುತ್ತೆ ಅಂದಿದ್ದೆ. ಹುಳಾನೇ ಸತ್ತೋದ್ರೆ ನಿಂಗೆ ಯಾರು ಕೊಡ್ತಾರೆ ಅಂತ ಭಯ ಆಗೋಯ್ತು. ಹುಳ ಬದುಕಿದ್ರೆ ತಾನೇ ನೀನು ಗೆಲ್ಲೋದು?"

ಸತ್ತರೂ ಗೆಲುವೇ, ಬದುಕಿದರೂ ಗೆಲುವೇ, ನಿಜ ಯಾವುದೆಂದು ತಿಳಿದರೆ ಸಾಕು ಎಂದು ಚಿಕ್ಕಪ್ಪ ನಮಗೆ ಎಷ್ಟು ಶನಿವಾರ ಹೇಳಿರಲಿಲ್ಲ! ಈಗ ಅಜ್ಜಿಗೂ ಪಾಠ ಶುರುವಾಯಿತೆಂದು ನಾನು ಕಣ್ಣು ಮುಚ್ಚಿಕೊಂಡೆ. ಪಾಠ ಕೇಳಿಸಲಿಲ್ಲ. ಕಣ್ಣು ಬಿಟ್ಟರೆ ಅವರು ಸೊಪ್ಪು ಸರಿಸಿ ಅಜ್ಜಿಯ ಪಕ್ಕದಲ್ಲಿ ಕೂತಿದ್ದರು.

"ಈ ಕಾಲು ಇಟ್ಕೊಂಡು ಎರಡು ಹೊತ್ತೂ ಹೋಗ್ತಿದ್ದೆಯಾ?"

"ಹೋಗೋವಾಗ ಏನಿಲ್ಲ. ಬರೋವಾಗ ಸಾರು ತುಳುಕೋದು, ಅಷ್ಟೆ. ಯಾಕೋ, ಪದವಿ ಕೊಡಲ್ಲ ಅಂದ್ರಾ?"

"ಮುಂದಿನ ವಾರ ಬೆಂಗಳೂರಿಗೆ ಹೋಗಲ್ಲಮ್ಮ. ಇನ್ನೊಂದು ಸಲ ಮೊದಲಿಂದ ಮಾಡ್ಬೇಕು."

"ಮಾಡು ಅದಕ್ಕೇನು," ಎಂದರು ಅಜ್ಜಿ ಮಗನ ಬೆನ್ನು ಸವರುತ್ತಾ. "ನೀನು ಹೆದರ್ಬೇಡ. ಈ ಸಲ ಇನ್ನೂ ದೂರ ಹೋಗಿ ಒಗ್ಗರಣೆ ಹಾಕ್ಕೊಂಡು ಬರ್ತೀನಿ. ಒಂದು ಹುಳಾನೂ ಸಾಯಲ್ಲ."

ಚಿಕ್ಕಪ್ಪ ಅಜ್ಜಿಯ ಕಾಲನ್ನು ಎತ್ತಿ ತಮ್ಮ ತೊಡೆಯ ಮೇಲಿಟ್ಟುಕೊಂಡು, ಮೆಲ್ಲಗೆ ಒತ್ತುತ್ತಾ, "ಆಯ್ತಮ್ಮ," ಎಂದರು.